ಅರ್ಧ ಟಿಕೆಟಿನ ಹುಡುಗಿ

ಮೊದಲು ನಾನು ಅನುಮಾನಪಟ್ಟಿದ್ದು ಡ್ರೈವರ್ ಮೇಲೆ.

ನಾನು ಬಸ್ ಕಂಡಕ್ಟರ್. ಬೋನಾಳದಿಂದ ಹೊರಟು ಸುರಪುರ, ಶಹಾಪುರದ ಮೇಲೆ ಯಾದಗಿರಿಗೆ ಹೋಗಿ, ಅದೇ ದಾರಿ ಹಿಡಿದು ಮರಳುವ ಬಸ್ಸು ನಮ್ಮದು. ಒಂದು ದಿನ ಚೀಲದ ಒಳಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಟಿಕೆಟು ಸಿಕ್ಕಿತು. ಬೋನಾಳದಿಂದ ಶಹಾಪುರ, ಅರ್ಧ. ಅಂದರೆ ಮಕ್ಕಳಿಗೆ ಕೊಡುವ ಟಿಕೆಟು. ಯಾರೋ ಬಿಸಾಡಿದ್ದು ಹೇಗೋ ಚೀಲಕ್ಕೆ ಬಿದ್ದಿರಬೇಕು ಎಂದು ಸುಮ್ಮನಾದೆ. ಎರಡು ದಿನ ಬಿಟ್ಟು ಇನ್ನೊಂದು ಸಿಕ್ಕಿತು. ವಾರ ಮುಗಿಯುವಷ್ಟರಲ್ಲಿ ಐದಾದವು. ಎಲ್ಲವೂ ಬೋನಾಳದಿಂದ ಶಹಾಪುರ, ಎಲ್ಲವೂ ಅರ್ಧ, ಎಲ್ಲಕ್ಕೂ ಅದೇ ನಾಲ್ಕು ಮಡಿಕೆ. ಆ ವಾರ ಬೋನಾಳದಲ್ಲಿ ಯಾವ ಮಗುವೂ ಶಹಾಪುರಕ್ಕೆಂದು ಬಸ್ಸು ಹತ್ತಿದ್ದು ನನಗೆ ನೆನಪಿರಲಿಲ್ಲ.

ಅನುಮಾನ ನನಗೆ ಈ ನೌಕರಿಯಿಂದ ಬಂದ ಗುಣ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಮೀಸೆ ಚಿಗುರುತ್ತಿರುವ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು "ಇನ್ನಾ ಐದು ತುಂಬಿಲ್ರಿ" ಎನ್ನುವ ತಾಯಂದಿರನ್ನು ದಿನಾ ನೋಡುವವಳು ಯಾರನ್ನು ನಂಬಬೇಕು ಹೇಳಿ. ನಿದ್ದೆ ಬಂದವರಂತೆ ಕಣ್ಣು ಮುಚ್ಚುವವರು, ಮುಂದಿನ ಬಾಗಿಲಿನಿಂದ ಹತ್ತಿ ಹಿಂದಿನವರು ಟಿಕೆಟ್ ತೆಗೆಯುತ್ತಾರೆ ಎನ್ನುವವರು, ಎಲ್ಲರ ಮುಖವೂ ನನಗೆ ಗೊತ್ತು. ಹಾಗಾಗಿ ನೇರವಾಗಿ ಡ್ರೈವರ್ ಮೈಬೂಬಣ್ಣನನ್ನೇ ಕೇಳಿದೆ.

"ಅಣ್ಣ, ನಾ ಚಾ ಕುಡಿಲಿಕ್ಕ ಇಳಿದಾಗ ಯಾರರ ಟಿಕೆಟ್ ಮಷಿನ್ ಮುಟ್ಟತಾರೇನು?"

"ಯಾರು ಮುಟ್ಟತಾರವ್ವ ನಿನ್ನ ಮಷಿನು? ನಾ ಮುಟ್ಟಿದ್ರ ನನ್ನ ಕೈನೇ ಕಡೀತಿ ನೀನು" ಎಂದ. ಎಂದವನು ನನ್ನ ಮುಖವನ್ನು ಒಂದು ಕ್ಷಣ ಹೆಚ್ಚೇ ನೋಡಿದ. ಅದನ್ನೂ ಅನುಮಾನದ ಪಟ್ಟಿಗೆ ಸೇರಿಸಿಕೊಂಡೆ.

ಪಟ್ಟಿ ಆಗಲೇ ದೊಡ್ಡದಿತ್ತು. ಟಿಕೆಟ್ ಕೇಳಿದರೆ "ಆಗಲೇ ಕೊಟ್ರಲ್ರಿ" ಎಂದು ಜನ, ನಾನು ಕೊಟ್ಟ ನೆನಪೇ ಇಲ್ಲದ ಟಿಕೆಟು ತೋರಿಸುತ್ತಿದ್ದರು. ನಾವಿರುವ ಸುರಪುರದ ಸಂತೆಯಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ನನ್ನ ಕೈ ಹಿಡಿದು "ಆ ಕುಡುಕಗ ಛಲೋ ಬಾರಿಸಿದ್ರಿ ಬಿಡ್ರಿ ಮೇಡಮ್ಮಾರ" ಎಂದಳು. ನಾನು ಯಾರಿಗೂ ಬಾರಿಸಿರಲಿಲ್ಲ. ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ನನ್ನ ಗಂಡ ಶರಣಪ್ಪ, ಒಮ್ಮೊಮ್ಮೆ ನಾನು ಆಡದ ಮಾತಿಗೆ ಮುನಿಸಿಕೊಂಡು ಎರಡು ದಿನ ಮಾತು ಬಿಡುತ್ತಿದ್ದ. ಕೊನೆಗೆ ನಾನು ಒಂದು ತೀರ್ಮಾನಕ್ಕೆ ಬಂದೆ. ನನ್ನಂಥದೇ ಮುಖದ ಇನ್ನೊಬ್ಬಳು ಸುರಪುರದಲ್ಲಿದ್ದಾಳೆ. ನನ್ನ ಹೆಸರು ಕೆಡಿಸುತ್ತಿದ್ದಾಳೆ. ನಗಬೇಡಿ, ಬಸ್‌ಸ್ಟ್ಯಾಂಡಿನಲ್ಲಿ ನಿಂತು ಎಷ್ಟೋ ದಿನ ಅವಳನ್ನು ಹುಡುಕಿದ್ದೇನೆ.

ಅವಳು ಸಿಕ್ಕಿದ್ದು ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ. ಸಿಕ್ಕಿದ್ದು ನನಗಲ್ಲ, ಮೈಬೂಬಣ್ಣನಿಗೆ. ಜನರೆಲ್ಲ ಇಳಿದ ಮೇಲೆ ಹಿಂದಿರುಗಿ ನೋಡಿದರೆ ನಾನು ಕೊನೆಯ ಸೀಟಿನ ಮೂಲೆಯಲ್ಲಿ ಎರಡೂ ಕಾಲು ಮೇಲಕ್ಕೆ ಮಡಚಿ ಕೂತಿದ್ದೆನಂತೆ. ಖಾಕಿ ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದೆನಂತೆ. ಅವನು ಹತ್ತಿರ ಬಂದಾಗ ಮುಷ್ಟಿ ಬಿಚ್ಚಿ ಅರ್ಧ ಟಿಕೆಟು ತೋರಿಸಿ, "ಕಾಕಾ, ಹಾಸ್ಟೆಲ್ ಬಂತೇನ್ರಿ?" ಎಂದು ಕೇಳಿದೆನಂತೆ.

ನನಗೆ ಎಚ್ಚರವಾದಾಗ ಕೈಯಲ್ಲಿ ಚಹಾದ ಲೋಟವಿತ್ತು. ಮೈಬೂಬಣ್ಣ ಎದುರು ಸೀಟಿನಲ್ಲಿ ಕೂತಿದ್ದ. ಇಪ್ಪತ್ತು ನಿಮಿಷ ತಡವಾಗಿತ್ತು. ಹೊರಗೆ ಜನ ಬಾಗಿಲು ಬಡಿಯುತ್ತಿದ್ದರು. "ಟಾಯರ್ ನೋಡಾಕತ್ತೀನಿ ಅಂತ ಹೇಳೀನಿ. ನೀ ಚಾ ಕುಡಿ" ಎಂದ. ನಾನು ಅವನನ್ನು ತಿಂಗಳುಗಟ್ಟಲೆ ಕಳ್ಳನೆಂದು ನೋಡಿದ್ದೆ. ಅವನು ಇಂಥದ್ದನ್ನು ಹಿಂದೆಯೂ ಮೂರು ನಾಲ್ಕು ಸಲ ಕಂಡು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಮನೆಯಲ್ಲಿ ಹೇಳಿದಾಗ ಶರಣಪ್ಪ ಹೆದರಿದ. ಹೆದರಿದ ಗಂಡಸು ಮಾಡುವ ಮೊದಲ ಕೆಲಸವನ್ನೇ ಮಾಡಿದ. ವಡಗೇರಾ ಕಡೆಯ ಒಂದು ಹಳ್ಳಿಗೆ, ಮೈಮೇಲೆ ದೇವರು ಬಂದು ಹೇಳಿಕೆ ಹೇಳುವವನ ಹತ್ತಿರ ಕರೆದುಕೊಂಡು ಹೋದ. ಅಲ್ಲಿ ಏನಾಯಿತೆಂದು ನನಗೆ ಗೊತ್ತಿಲ್ಲ, ಶರಣಪ್ಪ ಹೇಳಿದ್ದನ್ನು ಬರೆಯುತ್ತೇನೆ. ಬೇವಿನ ಸೊಪ್ಪು ಹಿಡಿದು ಹೇಳಿಕೆಯವನು ನನ್ನ ಕೂದಲಿಗೆ ಕೈ ಹಾಕಿದ್ದೇ ತಡ, ನನ್ನ ದನಿ ಬದಲಾಯಿತಂತೆ. "ಹಾತ್ ನಿಕಾಲ್! ಕೈ ತೆಗೀತಿಯೋ ಮುರಿಬೇಕೋ" ಎಂದು ನಾನು ಎದ್ದು ನಿಂತೆನಂತೆ. ನನ್ನ ಮೈಮೇಲೆ ದೇವಿ ಬಂದಳೆಂದು ಅವನು ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದನಂತೆ. ಅಲ್ಲಿದ್ದವರೆಲ್ಲ ಮುಗಿದರು. ಒಬ್ಬ ಮುದುಕಿ ಕಾಲಿಗೆ ಬಿದ್ದು ಮೊಮ್ಮಗಳಿಗೆ ಗಂಡು ಯಾವಾಗ ಸಿಗುತ್ತದೆ ಎಂದು ಕೇಳಿದಳು. ನಾನು ಆಕೆಗೂ ಬೈದೆನಂತೆ. ಅದಾದ ಮೇಲೆ ನಮ್ಮ ಓಣಿಯ ಹೆಂಗಸರು ಕೆಲವು ದಿನ ನನಗೆ ದಾರಿ ಬಿಟ್ಟು ನಿಲ್ಲುತ್ತಿದ್ದರು. ಬಸ್ಸಿನಲ್ಲಿ ಆ ಮರ್ಯಾದೆ ಸಿಕ್ಕಿದ್ದರೆ ಉಪಯೋಗವಾದರೂ ಆಗುತ್ತಿತ್ತು.

ಯಾದಗಿರಿಯ ಡಾಕ್ಟರ ವಿಳಾಸ ಕೊಟ್ಟವನು ಮೈಬೂಬಣ್ಣ. ಸ್ಟೇಷನ್ ಹತ್ತಿರದ ಓಣಿಯಲ್ಲಿ ಕೆಳಗೆ ಬಟ್ಟೆ ಅಂಗಡಿ, ಮೇಲೆ ದವಾಖಾನೆ. ಬೋರ್ಡಿನ ಮೇಲೆ ನರರೋಗ, ಮನೋರೋಗ ಎರಡೂ ಇದ್ದವು. ಬೆಂಚಿನ ಮೇಲೆ ಕೂತವರೆಲ್ಲ ತಾವು ನರದ ಕಡೆಯವರು ಎಂಬಂತೆ ಮುಖ ಮಾಡಿಕೊಂಡಿದ್ದರು. ನಾನೂ ಹಾಗೇ ಮಾಡಿದೆ. ಪಕ್ಕದಲ್ಲಿ ಮಗಳನ್ನು ಕರೆತಂದಿದ್ದ ಒಬ್ಬ ತಾಯಿ ಕೂತಿದ್ದಳು.

"ನಿಮಗೇನಾಗ್ಯಾದ್ರಿ?"

"ತಲಿನೋವ್ರಿ."

"ನಮ್ಮಾಕಿಗೂ ತಲಿನೋವೇರಿ" ಎಂದಳು. ಮಗಳು ತನ್ನ ಕೈಬೆರಳುಗಳನ್ನು ಒಂದೊಂದಾಗಿ ಮುಟ್ಟಿಕೊಳ್ಳುತ್ತಲೇ ಇದ್ದಳು. ನಾವಿಬ್ಬರೂ ಸುಳ್ಳು ಹೇಳಿದ್ದು ಇಬ್ಬರಿಗೂ ಗೊತ್ತಾಯಿತು. ಆಕೆ ಬುತ್ತಿ ಬಿಚ್ಚಿ ಖಡಕ್ ರೊಟ್ಟಿಯಲ್ಲಿ ಅರ್ಧ ಮುರಿದು, ಶೇಂಗಾ ಚಟ್ನಿ ಹಚ್ಚಿ ನನಗೆ ಕೊಟ್ಟಳು. ಇದರಲ್ಲಿ ಏನಾದರೂ ಹಾಕಿರಬಹುದೇ ಎಂದು ಒಂದು ಗಳಿಗೆ ಅನಿಸಿತು. ಹಸಿವೆ ಅನುಮಾನಕ್ಕಿಂತ ದೊಡ್ಡದಿತ್ತು, ತಿಂದೆ.

ಡಾಕ್ಟರು ವಯಸ್ಸಾದವರು. ಅಲ್ಲಿಯವರೆಗೆ ಸುರಪುರದಲ್ಲಿ ನೋಡಿದ ಡಾಕ್ಟರೆಲ್ಲ ತಲೆ ಸುತ್ತುತ್ತದೆಯೇ, ನಿದ್ದೆ ಬರುತ್ತದೆಯೇ ಎಂದು ಕೇಳಿದ್ದರು. ಇವರು "ಹೊತ್ತು ಕಳೆದುಹೋಗ್ತದೇನಮ್ಮ? ಇಲ್ಲಿದ್ದಾಕಿ ಅಲ್ಲಿರ್ತೀರೇನು?" ಎಂದು ಕೇಳಿದರು. ನನ್ನ ಗುಟ್ಟು ಯಾರೋ ಮೊದಲೇ ಇವರಿಗೆ ಮುಟ್ಟಿಸಿದ್ದಾರೆ ಎಂದು ನಾನು ಶರಣಪ್ಪನ ಕಡೆ ಕೆಂಗಣ್ಣು ಬಿಟ್ಟೆ. ಪಾಪ, ಅವನು ಬಾಯಿ ತೆರೆದು ಡಾಕ್ಟರನ್ನೇ ನೋಡುತ್ತಿದ್ದ.

ಕಾಯಿಲೆಯ ಹೆಸರು ಹೇಳಿದ್ದು ಹದಿನೈದು ದಿನಕ್ಕೊಮ್ಮೆ ಗುರುವಾರ ಕಲಬುರಗಿಯಿಂದ ಅಲ್ಲಿಗೆ ಬರುವ ಆಪ್ತಸಮಾಲೋಚಕಿ. ಅವರನ್ನು ನಾನು ಮೇಡಂ ಎಂದಷ್ಟೇ ಕರೆಯುವುದು. ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್. ಮೂರು ಸಲ ಹೇಳಿಸಿದರೂ ನನ್ನ ನಾಲಿಗೆಗೆ ಹತ್ತಲಿಲ್ಲ. ಅವರು ಕಾಗದ ಪಕ್ಕಕ್ಕಿಟ್ಟು ಹೇಳಿದರು: "ಸಣ್ಣ ವಯಸ್ಸಿನ್ಯಾಗ ಒಬ್ಬಾಕಿ ಕೈಲೆ ತಾಳಲಿಕ್ಕೆ ಆಗಲಾರದ್ದು ಏನೋ ಆಗ್ಯಾದ. ಅದನ್ನ ನಿಮ್ಮೊಳಗ ಮೂರು ಮಂದಿ ಹಂಚಿಕೊಂಡಾರ. ಅವ್ರು ನಿಮ್ಮ ವೈರಿಗಳಲ್ಲ."

ನಾನು ಅವರನ್ನೂ ನಂಬಲಿಲ್ಲ. ಅವರು ಬರೆದುಕೊಳ್ಳುವ ವಹಿಯನ್ನು ಯಾರು ಓದುತ್ತಾರೆ? ಡಿಪೋಕ್ಕೆ ತಿಳಿದರೆ ನನ್ನ ಕೆಲಸ ಏನಾಗುತ್ತದೆ? ಪರೀಕ್ಷೆ ಮಾಡೋಣ ಎಂದು ಒಂದು ಬಿಳಿ ಹಾವಿನ ಕನಸು ಕಟ್ಟಿ ಹೇಳಿದೆ. ಅವರು ಬರೆದುಕೊಳ್ಳಲೇ ಇಲ್ಲ. ಎರಡು ತಿಂಗಳ ನಂತರ ತಡೆಯಲಾಗದೆ ಅದು ಸುಳ್ಳು ಎಂದು ಒಪ್ಪಿಕೊಂಡೆ. "ಗೊತ್ತಿತ್ರಿ. ಭಾಳ ಚಂದ ಹೇಳಿದ್ರಿ ನೀವು. ಖರೇ ಮಾತು ಅಷ್ಟು ಚಂದ ಬರಂಗಿಲ್ಲ" ಎಂದು ನಕ್ಕರು. ಆವತ್ತಿನಿಂದ ನನ್ನ ಅನುಮಾನ ಅವರ ವಿಷಯದಲ್ಲಿ ಸ್ವಲ್ಪ ಸಡಿಲಾಯಿತು. ಪೂರ್ತಿ ಹೋಯಿತು ಎಂದರೆ ಅದೂ ಬಿಳಿ ಹಾವೇ.

ನಿಧಾನವಾಗಿ ನನ್ನ ಒಳಗಿನವರ ಗುರುತು ಪರಿಚಯ ಆಯಿತು. ಒಂದು ಶಾಲೆಯ ನೋಟ್‌ಬುಕ್ಕು ಇಟ್ಟೆವು. ಅದರಲ್ಲಿ ನಾನು ಬರೆಯದ ಅಕ್ಷರಗಳು ಮೂಡತೊಡಗಿದವು. ಕುಡುಕನಿಗೆ ಬಾರಿಸಿದವಳು, ಹೇಳಿಕೆಯವನನ್ನು ಹೆದರಿಸಿದವಳು ಒಬ್ಬಳೇ. ದೊಡ್ಡ ದೊಡ್ಡ ಓರೆ ಅಕ್ಷರದವಳು. ಅವಳಿಗೆ ಜೋರಿನಾಕಿ ಎಂದು ಹೆಸರಿಟ್ಟೆ. ಇನ್ನೊಬ್ಬಳು ತನ್ನನ್ನು ತಾನೇ ಸಣ್ಣಾಕಿ ಎಂದು ಕರೆದುಕೊಂಡಳು. ಅವಳಿಗೆ ಹತ್ತೋ ಹನ್ನೊಂದೋ ವರ್ಷ. ಒಂದು ದಿನ ಅವಳು ಬರೆದಿದ್ದನ್ನು ಓದಿ ನಾನು ನೋಟ್‌ಬುಕ್ಕು ಮುಚ್ಚಿ ಅತ್ತೆ. ಟಿಕೆಟಿಲ್ಲದೆ ಕೂತರೆ ಕಂಡಕ್ಟರಮ್ಮ ಬೈದು ದಾರಿಯಲ್ಲೇ ಇಳಿಸುತ್ತಾಳೆ, ಅದಕ್ಕೇ ಅವಳು ನೋಡದಾಗ ಟಿಕೆಟ್ ತೆಗೆದುಕೊಂಡೆ, ಎಂದು ಬರೆದಿದ್ದಳು. ಆ ಕಂಡಕ್ಟರಮ್ಮ ನಾನು. ಇಷ್ಟು ವರ್ಷ ನನ್ನೊಳಗೆ ಕೂತ ಮಗು ಹೆದರಿದ್ದು ನನಗೇ.

ಇನ್ನು ಕೂಡುವ ಮಾತು. ಮೂವರೂ ಮೆಲ್ಲಗೆ ಒಬ್ಬಳಾಗಬಹುದು, ಅವಸರವಿಲ್ಲ, ಎಂದು ಮೇಡಂ ಹೇಳಿದಾಗ ನಾನು ಲೆಕ್ಕ ಹಾಕಿದೆ. ಒಬ್ಬಳಾಗುವುದೆಂದರೆ ಇಬ್ಬರು ಹೋಗಬೇಕಲ್ಲ. ಹೋಗುವವರು ಯಾರು? ಉಳಿಯುವವಳು ನಾನೇ ಎಂದು ಯಾರು ಹೇಳಿದರು? ಜೋರಿನಾಕಿಗೂ ಅದೇ ಸಂಶಯ. "ಆ ಮೇಡಮ್ಮನ್ನ ನಂಬಬ್ಯಾಡ. ನನ್ನ ತೆಗಿಲಿಕ್ಕ ನೋಡಾಕತ್ತಾಳ" ಎಂದು ಅರ್ಧ ಪುಟ ತುಂಬ ಗೀಚಿದ್ದಳು. ಯಾರೂ ಎಲ್ಲಿಗೂ ಹೋಗುವುದಿಲ್ಲ, ನಡುವಿನ ಗೋಡೆ ಮಾತ್ರ ಹೋಗುತ್ತದೆ ಎಂದು ಮೇಡಂ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ.

ಹೆದರಿಕೆ ಏರಿ ನಾನು ಜಾರತೊಡಗಿದಾಗ ಹಿಡಿದುಕೊಳ್ಳಲು ಏನಾದರೊಂದು ಬೇಕಿತ್ತು. ಉಸಿರು ಎಣಿಸಿ ಎಂದರು, ಆಗಲಿಲ್ಲ. ನನಗೆ ಬಂದದ್ದು ನನ್ನ ಕೆಲಸವೇ. ಬಸ್ಸಿನ ಸ್ಟಾಪುಗಳ ಹೆಸರನ್ನು ಕಂಡಕ್ಟರ್ ದನಿಯಲ್ಲಿ ಕೂಗುವುದು. ಎಲ್ಲಿದ್ದೇನೆ, ಮುಂದೆ ಎಲ್ಲಿಗೆ ಹೋಗುತ್ತೇನೆ ಎಂದು ಮೈಗೆ ತಿಳಿಯುತ್ತಿತ್ತು. ಅಡುಗೆಮನೆಯಲ್ಲಿ ನಿಂತು "ಭೀಮಾ ಬ್ರಿಜ್! ಭೀಮಾ ಬ್ರಿಜ್ ಇಳಿಯೋರು ಯಾರದೀರಿ?" ಎಂದು ಕೂಗಿದರೆ ನನ್ನ ಮಗಳು ಸುಧಾ ಪಡಸಾಲೆಯಿಂದ, "ಯಾರೂ ಇಲ್ಲ ಯವ್ವಾ, ರೈಟ್ ರೈಟ್!" ಎನ್ನುತ್ತಿದ್ದಳು.

ಜೋರಿನಾಕಿ ಮೊದಲು ಕೂಡಿದಳು. ಒಂದು ಮಧ್ಯಾಹ್ನ ಶಹಾಪುರ ದಾಟಿದ ಮೇಲೆ, ಕಾಲೇಜು ಹುಡುಗಿಯ ಮೈಗೆ ಒತ್ತಿ ನಿಂತವನೊಬ್ಬನನ್ನು ಕಾಲರ್ ಹಿಡಿದು ಇಳಿಸಿದೆ. ಇಳಿಸಿ ಸೀಟಿ ಊದಿದ ಮೇಲೆ ಹೊಳೆಯಿತು, ನಾನು ಬೈದ ಒಂದೊಂದು ಬೈಗುಳವೂ ನನಗೆ ಕೇಳಿಸಿತ್ತು. ಗಂಟಲು ಉರಿಯುತ್ತಿತ್ತು. ಅಂಥ ಸಂತೋಷದ ಗಂಟಲು ನೋವು ನನಗೆ ಎಂದೂ ಬಂದಿರಲಿಲ್ಲ. ಮೈಬೂಬಣ್ಣ ಕನ್ನಡಿಯಲ್ಲಿ ನೋಡಿ, "ಇವತ್ತ ಯಾರವ್ವ ಅದು?" ಎಂದ. "ನಾನೇ ಅಣ್ಣ" ಎಂದೆ.

ಸಣ್ಣಾಕಿ ಮಾತ್ರ ಬರಲಿಲ್ಲ. ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆಯುತ್ತಿದ್ದಳು. ಐದು ಪುಟ ಅದೇ ಸಾಲು. "ಅವ್ವಗ ಗೊತ್ತಿತ್ತೇನು?"

ಈಗ ಮಾವನ ವಿಷಯ ಹೇಳಬೇಕು. ಮಾವ ಎಂದರೆ ನನ್ನ ಅವ್ವನ ತಮ್ಮ. ಹೆಸರು ಬರೆಯುವುದಿಲ್ಲ. ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ವಾಡಿಕೆ. ನಾನು ಹುಟ್ಟಿದ ದಿನವೇ "ನಿನ್ನ ಹೆಂಡ್ತಿ ಹುಟ್ಯಾಳ ನೋಡಲೇ" ಎಂದು ಅವನನ್ನು ಕಾಡಿಸಿದ್ದರಂತೆ. ಅಂಥ ಮಾವ ಸೊಸೆಯ ನಡುವೆ ಏನು ನಡೆದರೂ ಅದು ಎಲ್ಲರಿಗೂ ಚೇಷ್ಟೆ. ನನ್ನ ಅಪ್ಪ ಹಾಸಿಗೆ ಹಿಡಿದಾಗ, ಬೋನಾಳದ ಕೆರೆಯ ಹತ್ತಿರದ ನಮ್ಮ ಮನೆಯಲ್ಲಿ ಕುರಿ ಕಾಯಲು ಅವನು ಬಂದು ಇದ್ದ. ನನಗೆ ಹತ್ತು ವರ್ಷ. ಅವನು ಮಾಡಿದ್ದನ್ನೂ ಬರೆಯುವುದಿಲ್ಲ. ಬರೆಯಬೇಕಾದದ್ದು ಇಷ್ಟು: ನಾನು ಹೇಳಿದ್ದೆ. ಅಂಗಳದಲ್ಲಿ ನಾಲ್ಕಾರು ಹೆಂಗಸರು ಜೋಳ ಹಸನು ಮಾಡುತ್ತಿದ್ದಾಗ, ಮಾವ ಕಾಡುತ್ತಾನೆ, ನನಗೆ ಅಂಜಿಕೆ ಆಗುತ್ತದೆ, ಎಂದು ಅವ್ವನ ಸೆರಗು ಹಿಡಿದು ಹೇಳಿದ್ದೆ.

"ನಿನ್ನ ಗಂಡ ಕಾಡದ ಮತ್ಯಾರ ಕಾಡಬೇಕ?" ಎಂದಳು ಒಬ್ಬಳು. ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ಸಣ್ಣಾಕಿ ಹುಟ್ಟಿದ್ದು ಆ ನಗುವಿನಲ್ಲಿ ಎಂದು ನನಗೆ ಅನಿಸುತ್ತದೆ.

ಕೆಲವು ತಿಂಗಳಿಗೆ ಅವ್ವ ನನ್ನನ್ನು ಶಹಾಪುರದ ಹಾಸ್ಟೆಲ್ಲಿಗೆ ಸೇರಿಸಿದಳು. ಬೋನಾಳದಿಂದ ಶಹಾಪುರಕ್ಕೆ, ಅರ್ಧ ಟಿಕೆಟಿನಲ್ಲಿ. ಮುಂದೆ ಆ ಮದುವೆಯೂ ಆಗಲಿಲ್ಲ, ಅವನು ಗುರುಮಠಕಲ್ ಕಡೆ ಹೆಣ್ಣು ಮಾಡಿಕೊಂಡು ಅಲ್ಲೇ ನೆಲೆಸಿದ. ಆಗೀಗ ಅಕ್ಕನನ್ನು ನೋಡಲು ಬರುತ್ತಿದ್ದ. ಹಿಂದಿರುಗಿ ಲೆಕ್ಕ ಹಾಕಿದರೆ, ಅವನು ಬಂದುಹೋದ ಒಂದೇ ಒಂದು ದಿನವೂ ನನ್ನ ನೆನಪಿನಲ್ಲಿರಲಿಲ್ಲ.

ಅಪ್ಪ ತೀರಿಹೋದ ಮೇಲೆ ಅವ್ವ ಸುರಪುರದಲ್ಲಿ ನಮ್ಮ ಜೊತೆಗೇ ಇದ್ದಳು. ಹಿತ್ತಲಿನಲ್ಲಿ ನಾಲ್ಕು ಕುರಿ ಕಟ್ಟಿಕೊಂಡಿದ್ದಳು. ನಾನು ಬಸ್ಸಿನ ಮೇಲೆ, ಶರಣಪ್ಪ ಯಾರದೋ ಹೊಲದ ಮೋಟಾರಿನ ಮುಂದೆ. ಹನ್ನೆರಡು ವರ್ಷದ ಸುಧಾ ದಿನವಿಡೀ ಇರುತ್ತಿದ್ದುದು ಅವ್ವನ ಕಣ್ಣೆದುರಿಗೆ. ಅವ್ವನಿಗೆ ಆಗ ಗೊತ್ತಿದ್ದೂ ನಕ್ಕಿದ್ದರೆ, ನಾನು ನನ್ನ ಮಗಳನ್ನು ದಿನಾ ಯಾರ ಕೈಗೆ ಒಪ್ಪಿಸಿ ಹೋಗುತ್ತಿದ್ದೇನೆ? ಕೇಳಲೇಬೇಕಾಯಿತು. ಕೇಳಲು ಒಂದು ವರ್ಷ ಹಿಡಿಯಿತು.

ಒಂದು ರಜೆಯ ದಿನ ಅವ್ವ ಹಿತ್ತಲಿನಲ್ಲಿ ತೊಗರಿ ಹೊಟ್ಟು ಜರಡಿ ಹಿಡಿಯುತ್ತಿದ್ದಳು. ಗೋಡೆಯ ಆಚೆ ಒಂದು ಮರಿ ಅರಚಿತು. ಅವ್ವ ತಿರುಗಿ ನೋಡದೆಯೇ, "ಕರೇ ಕುರಿ ಮರಿ ಅದು. ತಂತ್ಯಾಗ ಕಾಲ ಸಿಕ್ಕಿಸಿಕೊಂಡಾದ, ಬಿಡಿಸಿ ಬಾ" ಎಂದಳು. ಹೋಗಿ ನೋಡಿದೆ. ಕರಿ ಕುರಿಯ ಮರಿಯೇ. ಕಾಲು ತಂತಿಯಲ್ಲೇ ಸಿಕ್ಕಿತ್ತು. ಬಿಡಿಸಿಕೊಂಡು ಬಂದು ಅವ್ವನ ಎದುರು ನಿಂತೆ. ನೂರು ಕುರಿಗಳ ಹಿಂಡಿನಲ್ಲಿ ಯಾವ ಮರಿ, ಯಾಕೆ ಅಳುತ್ತಿದೆ ಎಂದು ದನಿಯಲ್ಲೇ ಹೇಳುವ ಹೆಂಗಸಿಗೆ ತನ್ನ ಮಗಳ ದನಿ ತಿಳಿಯಲಿಲ್ಲ ಎಂದರೆ ಯಾರು ನಂಬುತ್ತಾರೆ?

"ಅವ್ವಾ, ನಿನಗ ಗೊತ್ತಿತ್ತೇನು? ಮಾವಂದು?"

ಜರಡಿ ನಿಂತಿತು. ಅವ್ವ ಏನು ಎಂದು ಕೇಳಲಿಲ್ಲ.

"ಆವತ್ತ ಗೊತ್ತಿರಲಿಲ್ಲ. ಎಲ್ಲಾರೂ ನಕ್ರು, ನಾನೂ ನಕ್ಕೆ" ಎಂದಳು. "ಆಮ್ಯಾಲ ಗೊತ್ತಾತು. ನೀ ಉಣ್ಣೋದು ಬಿಟ್ಟಿ. ಅವ ಒಳಗ ಬಂದ್ರ ನಿನ್ನ ದನಿನೇ ಬ್ಯಾರೆ ಆಗ್ತಿತ್ತು. ಗೊತ್ತಾದ ವಾರದಾಗೇ ನಿನ್ನ ಶಹಾಪುರಕ್ಕ ಬಿಟ್ಟು ಬಂದೆ."

ಆಗ ನನ್ನ ಬಾಯಿಂದ ಒಂದು ದನಿ ಬಂತು. ಸಣ್ಣದು, ಮೂಗಿನಿಂದ ಬರುವಂಥದು. ಅದು ನನ್ನದಲ್ಲ. ಆದರೆ ಮೊದಲ ಸಲ, ಅದು ಆಡಿದ್ದು ನನಗೂ ಕೇಳಿಸುತ್ತಿತ್ತು.

"ನನ್ನ ಯಾಕ ಕಳಿಸಿದಿ ಯವ್ವಾ? ಅವನ್ನ ಯಾಕ ಕಳಿಸಲಿಲ್ಲ?"

ಅವ್ವ ನನ್ನ ಮುಖ ನೋಡಿದಳು. ಆ ದನಿ ಅವಳಿಗೆ ಗುರುತು ಸಿಕ್ಕಿತು, ಅದರಲ್ಲಿ ಅನುಮಾನವಿಲ್ಲ. ಹೇಳಿದಳು: "ನಿಮ್ಮಪ್ಪ ಮಲಗಿಬಿಟ್ಟಿದ್ದ. ಅವ ಹೋದ್ರ ಕುರಿ ಯಾರ ಕಾಯಬೇಕಿತ್ತು?"

ಕುರಿ. ನನ್ನನ್ನು ಒಂದು ಕಡೆ ಇಟ್ಟು, ಇನ್ನೊಂದು ಕಡೆ ಕುರಿ ಇಟ್ಟು ನೋಡಿದ್ದಳು. ನನಗೆ ಬಂದ ಸಿಟ್ಟಿಗೆ ಅವಳ ಕೈಯ ಜರಡಿ ಕಿತ್ತು ಗೋಡೆಗೆ ಒಗೆದೆ. ಜೋರಿನಾಕಿಯ ಸಿಟ್ಟು, ಸಣ್ಣಾಕಿಯ ಸಿಟ್ಟು, ನನ್ನ ಸಿಟ್ಟು ಮೂರೂ ಒಂದೇ ಆಗಿದ್ದವು. ಅವ್ವ ಹೊಟ್ಟಿನ ನಡುವೆ ಹಾಗೇ ಕೂತಿದ್ದಳು.

ಮರುದಿನದಿಂದ ಸುಧಾಳನ್ನು ಅವ್ವನ ಹತ್ತಿರ ಬಿಡಲಿಲ್ಲ. ಶಾಲೆ ಬಿಟ್ಟ ಮೇಲೆ ಎರಡು ಮನೆ ಆಚೆಯ ಟೀಚರಮ್ಮನ ಮನೆಯಲ್ಲಿರಲು ಹೇಳಿದೆ. ರಜೆಯಿದ್ದರೆ ಬಸ್ಸಿನಲ್ಲೇ ಕರೆದೊಯ್ಯುತ್ತಿದ್ದೆ. ಅವ್ವ ಸಂಜೆ ಬಾಗಿಲಲ್ಲಿ ನಿಂತು ಮೊಮ್ಮಗಳು ಓಣಿಯಲ್ಲಿ ಬರುವುದನ್ನು ನೋಡುತ್ತಿದ್ದಳು. ಒಂದು ಗುರುವಾರ ತಾನೂ ಯಾದಗಿರಿಗೆ ಬರುತ್ತೇನೆಂದು ಬಸ್ಸು ಹತ್ತಿದಳು. ನನ್ನ ಮಾತು ಸುಳ್ಳೆಂದು ಮೇಡಂಗೆ ಹೇಳಲು ಬಂದಿದ್ದಾಳೆ ಎಂದೇ ನಾನು ಎಣಿಸಿದೆ. ಅವಳು ಒಳಗೇ ಬರಲಿಲ್ಲ. ಬೆಂಚಿನ ಮೇಲೆ ಎರಡು ಗಂಟೆ ಸೆರಗು ಮುಚ್ಚಿಕೊಂಡು ಕೂತು, ನನ್ನ ಜೊತೆ ಮರಳಿದಳು. ದಾರಿಯಲ್ಲಿ ಕಿಟಕಿಯ ಹೊರಗೆ ನೋಡುತ್ತ, "ಇಷ್ಟು ಮಂದಿ ಬರ್ತಾರೇನು ಇಲ್ಲಿ?" ಎಂದಷ್ಟೇ ಕೇಳಿದಳು.

ಇಂಥ ಬರಹದ ಕೊನೆಯಲ್ಲಿ ಎಲ್ಲರನ್ನೂ ಕ್ಷಮಿಸಿದೆ, ಮನಸ್ಸು ಹಗುರವಾಯಿತು ಎಂದು ಬರೆಯುವವರನ್ನು ಓದಿದ್ದೇನೆ. ಅವರ ಮೇಲೂ ನನಗೆ ಸ್ವಲ್ಪ ಅನುಮಾನ. ಅವ್ವನನ್ನು ನಾನು ಕ್ಷಮಿಸಿಲ್ಲ. ಪೂರ್ತಿ ವಾಸಿಯಾಗಿದ್ದೇನೆ ಎಂದೂ ಹೇಳುವುದಿಲ್ಲ. ಮಾತ್ರೆ ಈಗಲೂ ಇದೆ, ಗುರುವಾರಗಳೂ ಇವೆ. ಆದರೆ ನಿಮ್ಮಲ್ಲಿ ಯಾರಾದರೂ ನಿಮ್ಮದೇ ಮುಖದ ಇನ್ನೊಬ್ಬರನ್ನು ಬಸ್‌ಸ್ಟ್ಯಾಂಡಿನಲ್ಲಿ ಹುಡುಕುತ್ತ ನಿಂತಿದ್ದರೆ, ಹಾಗೆ ನಿಂತವಳು ಇನ್ನೊಬ್ಬಳೂ ಇದ್ದಳು ಎಂದು ತಿಳಿದಿರಲಿ.

ಮುಂದಿನ ಬೇಸಿಗೆಯಲ್ಲಿ ಸುಧಾ ಮೈನೆರೆದಳು. ನಮ್ಮಲ್ಲಿ ಹುಡುಗಿಗೆ ಆರತಿ ಮಾಡುವ ದಿನ ಮೊದಲ ಸೀರೆ ಸೋದರಮಾವನದು. ನನಗೆ ಅಣ್ಣ ತಮ್ಮ ಇಲ್ಲ. ಹಾಗಾದಾಗ ಸೀರೆ ಅವ್ವನ ತವರಿನಿಂದ ಬರಬೇಕು. ತವರಿನಲ್ಲಿ ಇದ್ದವನು ಒಬ್ಬನೇ. ಮೂರನೇ ದಿನಕ್ಕೆ ಶರಣಪ್ಪನ ಫೋನಿಗೆ ಅವನ ಕರೆ ಬಂತು. "ಸೀರಿ ನಂದು. ಆರತಿ ದಿನ ಬರ್ತೀನಿ."

ಅವನಿಗೆ ಸುದ್ದಿ ಮುಟ್ಟಿಸಿದವರು ಯಾರು? "ನೀ ಹೇಳಿದ್ಯೇನು?" ಎಂದು ಅವ್ವನನ್ನು ಕೇಳಿದೆ. "ಊರಿಗೆಲ್ಲ ಗೊತ್ತಾಗ್ಯಾದ" ಎಂದಳು. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ. ಆ ದಿನ ಶರಣಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವನು ತಲೆ ತಗ್ಗಿಸಿ ಕೂತು, "ಆರತಿನೇ ಬ್ಯಾಡ ಬಿಡು" ಎಂದ. ಆರತಿ ಆಗಲೇಬೇಕು ಎಂದವಳು ಅವ್ವ. ಯಾಕೆ ಇಷ್ಟು ಹಟ? ತಮ್ಮನನ್ನು ಹೇಗಾದರೂ ಮನೆಯೊಳಗೆ ಸೇರಿಸಿಕೊಂಡು ಹಳೆಯದನ್ನೆಲ್ಲ ಮುಚ್ಚಿಹಾಕಲು, ಎಂದು ನಾನು ನಿಶ್ಚಯ ಮಾಡಿಕೊಂಡೆ.

ಮೇಡಂ ನನ್ನನ್ನು ಕೇಳಿದರು, ಯಾವುದಕ್ಕೆ ಹೆದರಿಕೆ ಎಂದು. ಅವನಿಗಲ್ಲ ಎಂದೆ. ಅವನು ಹೊಸ್ತಿಲಿಗೆ ಬಂದ ಗಳಿಗೆಯಲ್ಲಿ ನಾನು ಹೋಗಿಬಿಡುತ್ತೇನೆ, ನನ್ನ ಮಗಳ ಪಕ್ಕದಲ್ಲಿ ಯಾರೂ ಇರುವುದಿಲ್ಲ, ಅದಕ್ಕೆ.

ಆರತಿಯ ದಿನ ಬೆಳಿಗ್ಗೆ ಹತ್ತಕ್ಕೆಲ್ಲ ಓಣಿಯ ಹೆಂಗಸರು ಪಡಸಾಲೆಯಲ್ಲಿ ತುಂಬಿದ್ದರು. ಸುಧಾ ಮಣೆಯ ಮೇಲೆ ಕೂತಿದ್ದಳು, ಅವಳ ಕೈ ನನ್ನ ಕೈಯಲ್ಲಿತ್ತು. ಹೊರಗೆ ಗಾಡಿ ನಿಂತ ಸದ್ದಾಯಿತು. ಅವನೇ. ಹರಿವಾಣದಲ್ಲಿ ಹಸಿರು ಸೀರೆ, ರವಿಕೆಗೆ ಕುಬಸದ ಕಣ, ತೆಂಗಿನಕಾಯಿ. ಕೂದಲು ನರೆತಿತ್ತು. "ಎಲ್ಲದಾಳ ನನ್ನ ಮೊಮ್ಮಗಳು? ಎಷ್ಟ ಬೆಳದಾಳ ನೋಡೋಣ" ಎನ್ನುತ್ತ ಮೆಟ್ಟಿಲು ಹತ್ತಿದ. ನನ್ನ ಕಿವಿ ಮುಚ್ಚಿಕೊಳ್ಳತೊಡಗಿತು. ನೆಲ ದೂರವಾಯಿತು. ಬೋನಾಳ, ಎಂದು ತುಟಿಯೊಳಗೇ ಕೂಗಿದೆ. ಸುರಪುರ. ಸುರಪುರದಲ್ಲಿದ್ದೇನೆ. ನನ್ನ ಮನೆ. ನನ್ನ ಮಗಳ ಕೈ ಬೆವರಿದೆ.

ಅವ್ವ ಒಳಗಿನಿಂದ ಬಂದು ಬಾಗಿಲಿಗೆ ಅಡ್ಡ ನಿಂತಳು.

"ಅಲ್ಲೇ ನಿಂದ್ರು."

"ಯಾಕಕ್ಕಾ, ಕಾಲಿಗೆ ನೀರೂ ಕೊಡಂಗಿಲ್ಲೇನು?" ಎಂದು ಅವನು ನಕ್ಕ. ಸೀರೆ ತಂದ ಮಾವನನ್ನು ಬಾಗಿಲಲ್ಲಿ ತಡೆದು ಕಾಡಿಸುವುದು ನಮ್ಮಲ್ಲಿ ಇದೆ. ಹೆಂಗಸರೆಲ್ಲ ಅದೇ ಎಂದುಕೊಂಡು ಗೊಳ್ಳೆಂದು ನಕ್ಕರು.

"ಯಾರೂ ನಗಬ್ಯಾಡ್ರಿ" ಎಂದಳು ಅವ್ವ. ದನಿ ಏರಿಸಲಿಲ್ಲ. "ಹಿಂದಕ್ಕೊಮ್ಮೆ ನಕ್ಕೀವಿ. ಸಾಕದು."

ಅವ್ವ ತಮ್ಮನ ಕಡೆ ತಿರುಗಿದಳು. "ಈ ಹೊಸ್ತಿಲ ನೀ ದಾಟಬ್ಯಾಡ. ಇವತ್ತಲ್ಲ, ಇನ್ನೆಂದೂ. ಯಾಕಂತ ಕೇಳು, ಇಷ್ಟೂ ಮಂದಿ ಮುಂದ ಹೇಳ್ತೀನಿ. ಕೇಳ್ತೀಯೇನು?"

ಅವನು ಕೇಳಲಿಲ್ಲ. ಹರಿವಾಣವನ್ನು ಕಟ್ಟೆಯ ಮೇಲೆ ಇಡಲು ಬಾಗಿದ. "ಅದನ್ನೂ ಒಯ್ಯಿ" ಎಂದಳು ಅವ್ವ. ಬಾಗಿಲಿನ ಚೌಕಟ್ಟು ಹಿಡಿದಿದ್ದ ಕೈಯನ್ನು ಅವಳು ಸಡಿಲಿಸಲಿಲ್ಲ. ನಾನು ಅದನ್ನೂ ನೋಡಿದೆ. ಅವನು ಮೆಟ್ಟಿಲಿಳಿದದ್ದು, ಚಪ್ಪಲಿ ಮೆಟ್ಟಲು ತಡಕಾಡಿದ್ದು, ಗಾಡಿ ಒಮ್ಮೆಗೆ ಶುರುವಾಗದೆ ಮತ್ತೆ ಒದ್ದದ್ದು, ಎಲ್ಲ ನೋಡಿದೆ. ಒಂದು ಗಳಿಗೆಯೂ ತಪ್ಪಲಿಲ್ಲ. ಗಾಡಿಯ ಸದ್ದು ಓಣಿಯ ತಿರುವಿನಲ್ಲಿ ಕರಗಿತು.

ಹೋದನಾ, ಎಂದು ನನ್ನೊಳಗಿನಿಂದ ಆ ಸಣ್ಣ ದನಿ ಕೇಳಿತು.

"ಹೋದ" ಎಂದೆ, ಎಲ್ಲರಿಗೂ ಕೇಳುವಂತೆ.

ಸುಧಾ ಮುಖವೆತ್ತಿ ನನ್ನನ್ನು ನೋಡಿದಳು. "ಯಾರಿಗೆ ಹೇಳಾಕತ್ತಿ ಯವ್ವಾ?"

"ನನಗ" ಎಂದೆ.